ನೀತಿ ಪಾಠಕ್ಕೆ ಗೋಡೆ ಗಡಿಯಾರ: ಪ್ರೊಬೇಷನರಿ ಪಿಎಸ್‌ಐಗಳ ಅಣಕು ಠಾಣೆ

ತರಬೇತಿಯಲ್ಲಿರುವ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್‌ಗಳ (ಪಿಎಸ್‌ಐ) ವೃತ್ತಿನೀತಿಯ ಪಾಠವನ್ನು ತರಗತಿಯಿಂದ ಅಣಕು ಠಾಣೆಗೆ ಸಾಗಿಸಿದಾಗ ‘ಪಾಠ ಬಿಟ್ಟು ನಾಟಕ ಆಡಿಸ್ತಿದ್ದಾರೆ’ ಎಂದವರೇ ಹೆಚ್ಚು. ಈಗ ಅವರೇ ಅಂಕಪಟ್ಟಿಯ ನಮೂನೆ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬಂಧನದ ವೇಳೆ ಪೊಲೀಸರು ಏನು ಮಾಡಬೇಕೆಂದು ಸುಪ್ರೀಂ ಕೋರ್ಟ್ ಡಿ.ಕೆ. ಬಸು ತೀರ್ಪಿನಲ್ಲಿ ಕೊಟ್ಟ 11 ಸೂಚನೆಗಳನ್ನು ಪರೀಕ್ಷೆಯಲ್ಲಿ ಎಲ್ಲರೂ ಒಪ್ಪಿಸುತ್ತಾರೆ. ಅವರಿಗೇ ಅಣಕು ಪ್ರಕರಣ ಕೊಟ್ಟರೆ, ಆಪಾದಿತನನ್ನು ಕರೆತಂದು ಕೂರಿಸಿ ಎರಡು ಗಂಟೆ ಕಳೆದರೂ ಎಸ್‌ಎಚ್‌ಡಿಯಲ್ಲಿ (ಠಾಣಾ ದಿನಚರಿ) ಒಂದು ಸಾಲಿರುವುದಿಲ್ಲ. ಅತಿಥಿ ಉಪನ್ಯಾಸಕ್ಕೆ ಗೌರವಧನ, ಓಡಾಟ ಸೇರಿ ಬ್ಯಾಚಿಗೆ 15,000 ರೂಪಾಯಿಯ ಆಸುಪಾಸು ಹೋಗುತ್ತಿತ್ತು. ರಿಜಿಸ್ಟರು, ನಮೂನೆಗಳ ಜೆರಾಕ್ಸ್, ಗೋಡೆ ಗಡಿಯಾರ, ಹಳೆಯ ಮೊಬೈಲು ಎಲ್ಲ ಸೇರಿ ಅಣಕು ಠಾಣೆಗೆ 4,000 ದಾಟಿಲ್ಲ.

ತಂಡಕ್ಕೆ ಆರು ಜನ: ಠಾಣಾಧಿಕಾರಿ, ರೈಟರ್, ಸೆಂಟ್ರಿ, ದೂರು ಕೇಳಲು ಒಬ್ಬರು, ತನಿಖೆಗೆ ಇಬ್ಬರು. ಅವಧಿ ಮೂರು ಗಂಟೆ. ಕೊಲೆ ಪ್ರಕರಣ ಕೊಡಬಾರದು, ಎಲ್ಲರೂ ಪತ್ತೇದಾರರಾಗಿಬಿಡುತ್ತಾರೆ. ಮೊಬೈಲ್ ಕಳವು ಸಾಕು. ದೂರುದಾರ ಬೇರೆ ಠಾಣೆಯ ಸರಹದ್ದಿನವನಿರಲಿ. ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಎಂಬ ಮಾತು ಐದೇ ನಿಮಿಷದಲ್ಲಿ ಹೊರಬೀಳುತ್ತದೆ. ಸರಹದ್ದು ಯಾವುದೇ ಇರಲಿ ದೂರು ದಾಖಲಿಸಬೇಕೆನ್ನುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 173 ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ. ಕಳವಿಗೆ ಶಿಕ್ಷೆ 3 ವರ್ಷದವರೆಗೆ. ಹಾಗಾಗಿ ಬಂಧಿಸದೆ ಹಾಜರಾಗಲು ಹೇಳುವ ಕಲಂ 35(3)ರ ನೋಟಿಸ್ ಸಾಕಿತ್ತೇ, ಬಂಧನವೇ ಬೇಕಿತ್ತೇ ಎಂದು ತೀರ್ಮಾನಿಸಿ ಕಾರಣ ಬರೆಯಬೇಕು. ‘ತನಿಖೆಗೆ ಅಗತ್ಯ’ ಎಂದಷ್ಟೇ ಬರೆದರೆ ಆ ಭಾಗಕ್ಕೆ ಸೊನ್ನೆ.

ಇಡೀ ಪದ್ಧತಿಯ ಜೀವ ಇರುವುದು ಮರುದಿನದಲ್ಲಿ. ಘಟನೆ ನೋಡದ ಇನ್ನೊಂದು ತಂಡಕ್ಕೆ ಮೊದಲ ತಂಡ ಬರೆದ ಕಾಗದಪತ್ರ ಮಾತ್ರ ಕೊಡುತ್ತೇವೆ. 6.10ಕ್ಕೆ ಕರೆತಂದವನ ಬಂಧನ ಮೆಮೊ 8.40ಕ್ಕೆ ಏಕೆ, ನಡುವೆ ಅವನು ಎಲ್ಲಿದ್ದ ಎಂದು ಅವರೇ ಕೆದಕುತ್ತಾರೆ. ಆಮೇಲೆ ಲಕೋಟೆ ಒಡೆಯುವುದು. ಅದರೊಳಗೆ ವೀಕ್ಷಕರು ನಿಮಿಷವಾರು ಬರೆದಿಟ್ಟ ಹಾಳೆ ಇರುತ್ತದೆ.

ಮೊದಲಿಗೆ ಎಲ್ಲ ತಪ್ಪಿಗೂ ಒಂದೇ ಸಮನಾಗಿ ಅಂಕ ಕಳೆಯುವ ಕ್ರಮವಿತ್ತು. ಪರಿಣಾಮ, ವೇಳೆ ತಿದ್ದಿ ಕಾಗದ ಹಸನು ಮಾಡುವುದರಲ್ಲಿ ಹುಡುಗರು ಪಳಗಿದರು. ‘ಸುಳ್ಳು ದಾಖಲೆ ಬರೆಯೋದನ್ನ ನೀವೇ ಕಲಿಸ್ತಿದ್ದೀರಿ’ ಎಂಬ ಆಕ್ಷೇಪದಲ್ಲಿ ಹುರುಳಿತ್ತು. ಈಗ 50ಕ್ಕೆ ಲೆಕ್ಕ: ತಡವಾದದ್ದನ್ನು ತಡವಾಯಿತೆಂದೇ ಬರೆದರೆ 2 ಅಂಕ ಕಡಿತ, ಲಕೋಟೆಯ ವೇಳೆಗೆ ತಾಳೆಯಾಗದ ನಮೂದು ಒಂದಿದ್ದರೂ ಇಡೀ ತಂಡಕ್ಕೆ ಸೊನ್ನೆ. ಅಲ್ಲಿಂದ ಗಾಳಿ ತಿರುಗಿತು. ನೆನಪಿನ ಲೆಕ್ಕದಲ್ಲಿ ಹತ್ತು ತಂಡಕ್ಕೆ ಏಳು ಕಡೆ ಇದ್ದ ತಿದ್ದುಪಡಿ ಎರಡಕ್ಕೆ ಇಳಿದಿದೆ.

ಮತ್ತೆ ಮತ್ತೆ ಎಡವುವ ಜಾಗಗಳಿವೆ. ಮೆಮೊಗೆ ಠಾಣೆಯ ಸಿಬ್ಬಂದಿಯದೇ ಸಾಕ್ಷಿ ಸಹಿ; ಕಲಂ 36 ಕೇಳುವುದು ಕುಟುಂಬದವರನ್ನು ಅಥವಾ ಆ ಪ್ರದೇಶದ ಗೌರವಾನ್ವಿತರನ್ನು. ‘ಸಂಬಂಧಿಕರಿಗೆ ತಿಳಿಸಿದೆ’ ಎಂದಿರುತ್ತದೆ. ಯಾರಿಗೆ, ಯಾವ ನಂಬರಿಗೆ, ಎಷ್ಟು ಗಂಟೆಗೆ ಎಂಬುದಿಲ್ಲ. ನೇಮ್‌ಪ್ಲೇಟು ಜಾಕೆಟ್ಟಿನಡಿ. ಎಲ್ಲಕ್ಕಿಂತ ಕೆಟ್ಟದ್ದು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲು ಇರುವ 24 ಗಂಟೆಯನ್ನು ಹಿಡಿದ ಹೊತ್ತು ಬಿಟ್ಟು ಮೆಮೊ ಬರೆದ ಹೊತ್ತಿನಿಂದ ಎಣಿಸುವುದು.

ನಡುವೆ ‘ಮೇಲಿನವರ’ ಕರೆ ಬರುತ್ತದೆ: ‘ನಾಲ್ಕು ಬಿಗೀರಿ, ಬಾಯಿ ಬಿಡ್ತಾನೆ.’ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಆಪಾದಿತನ ವಿರುದ್ಧ ರುಜುವಾತಾಗದು ಎಂಬುದು ಎಲ್ಲರಿಗೂ ಗೊತ್ತು, ಆದರೂ ಕೈ ಎತ್ತುವವರಿದ್ದಾರೆ. ಕರೆಯನ್ನು ದಿನಚರಿಯಲ್ಲಿ ನಮೂದಿಸಿದವರಿಗೆ ಪೂರ್ಣ ಅಂಕ. ಯಾವ ನಿಮಿಷಕ್ಕೆ, ಯಾರ ದನಿಯಲ್ಲಿ ಎಂಬುದು ಗುಟ್ಟಾಗಿಯೇ ಇರಲಿ. ಇಲ್ಲಿ ಬರೆದರೆ ಮುಂದಿನ ಬ್ಯಾಚಿಗೆ ನನಗಿಂತ ಮೊದಲೇ ತಲುಪಿರುತ್ತದೆ.

ಆಪಾದಿತನ ಪಾತ್ರಕ್ಕೆ ಅದೇ ಬ್ಯಾಚಿನವರನ್ನು ಹಾಕಿದರೆ ನಗು. ಡ್ರಿಲ್ ಸಿಬ್ಬಂದಿಯನ್ನು ಹಾಕಿದರೆ ಹುಡುಗರು ಸೆಲ್ಯೂಟ್ ಹೊಡೆಯುವುದೊಂದೇ ಬಾಕಿ. ಹವ್ಯಾಸಿ ರಂಗಕರ್ಮಿಗಳು ಬಸ್ ಚಾರ್ಜು, ಊಟಕ್ಕೆ ಒಪ್ಪುತ್ತಾರೆ. ಬಾಡಿ ಕ್ಯಾಮೆರಾ ಹಾಕಿಯೂ ನೋಡಿದ್ದಾಯಿತು. ಕ್ಯಾಮೆರಾ ಎದುರು ಎಲ್ಲರೂ ಸಭ್ಯರು, ಹಾಗಾಗಿ ಅಂಕಕ್ಕೆ ಪ್ರಯೋಜನವಿಲ್ಲ. ಶೋಧ–ಜಪ್ತಿಯನ್ನು ಕಲಂ 105ರಂತೆ ಚಿತ್ರೀಕರಿಸುವ ಅಭ್ಯಾಸಕ್ಕೆ ಮಾತ್ರ ಉಳಿಸಿಕೊಂಡಿದ್ದೇವೆ. ಹೆಚ್ಚು ಹೊರಗೆಡಹುವುದು ನಿದ್ದೆಗೇಡು. ಇದೇ ಪ್ರಕರಣವನ್ನು ರಾತ್ರಿ ಒಂದರಿಂದ ನಾಲ್ಕರವರೆಗೆ ಆಡಿಸಿದರೆ ಏಕವಚನ, ಬೈಗುಳ ಹಗಲಿಗಿಂತ ಸುಮಾರು ಎರಡು ಪಟ್ಟು. ಅದಕ್ಕೇ ಅಂತಿಮ ಪರೀಕ್ಷೆಯನ್ನು ರಾತ್ರಿಗೇ ಇಟ್ಟಿದ್ದೇವೆ, ಬೆಳಗಿನ ಪರೇಡಿಗೆ ರಿಯಾಯಿತಿ ಕೊಟ್ಟು.