ಕೊಡಗಿನ ಮನೆಗೆ ಜಾಹೀರಾತು ತಡೆ, ಮಕ್ಕಳ ಫೋನಿಗೆ ಮಿತಿ: ಯಾವುದನ್ನು ಆರಿಸಬೇಕು?

ಫೋನಿನ ಜಾಹೀರಾತು ತಡೆಯುವುದು ಹೇಗೆ ಎಂದು ಯಾರನ್ನೇ ಕೇಳಿ, ಹೆಚ್ಚಿನವರ ಸಲಹೆ ಒಂದೇ. ರೌಟರ್‌ನಲ್ಲಿ ಒಮ್ಮೆ ಸೆಟ್ ಮಾಡಿಬಿಡಿ, ಇಡೀ ಮನೆಗೆ ಆಯ್ತು ಅನ್ನುತ್ತಾರೆ. ಬೆಂಗಳೂರಿನ ಫ್ಲಾಟಿಗೆ ಅದು ಸರಿ. ನಾಪೋಕ್ಲು ಕಡೆಯ ತೋಟದ ಮನೆಗೆ ಅದು ಅರ್ಧ ಕೆಲಸ ಅಷ್ಟೇ. ಮಳೆಗಾಲದಲ್ಲಿ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಫೈಬರ್ ಎಲ್ಲೋ ತುಂಡಾಗುತ್ತದೆ. ಆಗ ಮನೆಯವರೆಲ್ಲ ಸಿಗ್ನಲ್ ಸಿಗುವ ಮೂಲೆ ಹುಡುಕಿಕೊಂಡು ಮೊಬೈಲ್ ಡೇಟಾ ಆನ್ ಮಾಡುತ್ತಾರೆ. ರೌಟರ್‌ನಲ್ಲಿ ಹಾಕಿದ ತಡೆ ಮೊಬೈಲ್ ಡೇಟಾಗೆ ಅನ್ವಯ ಆಗುವುದೇ ಇಲ್ಲ. ಅದಕ್ಕೇ ನಾನು ಹೇಳುವ ಕ್ರಮ ಬೇರೆ. ನಮ್ಮ ಕಡೆ ಮೊದಲು ಫೋನ್, ಆಮೇಲೆ ರೌಟರ್.

ನಾನು ಮನೆಯಲ್ಲೇ ಸಣ್ಣ ಹೋಂಸ್ಟೇ ನಡೆಸುತ್ತೇನೆ. ಮನೆಯಲ್ಲಿ ಮಾವ, ಹತ್ತನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ ಇದ್ದಾರೆ. ಹಾಲಿನಲ್ಲಿ ಒಂದು ಆಂಡ್ರಾಯ್ಡ್ ಟಿವಿ. ಶನಿವಾರ, ಭಾನುವಾರ ಅತಿಥಿಗಳು. ಇಷ್ಟು ಜನಕ್ಕೂ ಒಂದೇ ಆಪ್ ಸಾಕಾಗುವುದಿಲ್ಲ. ಮಾವನಿಗೆ ಬೇಕಾಗಿರುವುದು ಮೋಸದ ಜಾಹೀರಾತಿನಿಂದ ರಕ್ಷಣೆ. ಮಗನಿಗೆ ಸಮಯದ ಮಿತಿ ಬೇಕು, ಏನು ನೋಡುತ್ತಾನೆ ಅನ್ನುವುದರ ಮೇಲೆ ಕಣ್ಣೂ ಬೇಕು. ಜಾಹೀರಾತು ತಡೆಯುವುದು ಒಂದು ಕೆಲಸ, ಮಕ್ಕಳ ಬಳಕೆಗೆ ಮಿತಿ ಹಾಕುವುದು ಇನ್ನೊಂದು. ಯಾವ ಫೋನಿಗೆ ಯಾವುದು ಬೇಕು ಅಂತ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಹಿರಿಯರ ಫೋನ್: ಏನೂ ಇನ್‌ಸ್ಟಾಲ್ ಮಾಡುವ ಮೊದಲು

ಮಾವ ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಕಾಫಿ, ಕಾಳುಮೆಣಸಿನ ರೇಟು ನೋಡುತ್ತಾರೆ. ಒಂದು ದಿನ, "ಇದೇನಮ್ಮ, ಫೋನಿಗೆ ವೈರಸ್ ಬಂದಿದೆಯಂತೆ" ಅಂತ ಫೋನ್ ತಂದು ಕೈಗಿಟ್ಟರು. ಪರದೆ ಮೇಲಿನಿಂದ ಕೆಳಗಿನವರೆಗೆ ನೋಟಿಫಿಕೇಶನ್. ಕೆಂಪು ತ್ರಿಕೋನ, ಬ್ಯಾಟರಿ ಹಾಳಾಗುತ್ತಿದೆ ಅನ್ನುವ ಎಚ್ಚರಿಕೆ, ಕೆಳಗೆ ಐದೇ ನಿಮಿಷದಲ್ಲಿ ಸಾಲ. ಇದು ವೈರಸ್ ಆಗಿರಲಿಲ್ಲ. ಯಾವುದೋ ಸೈಟ್ ತೆರೆದಾಗ "ಅಲೌ" ಅಂತ ಕೇಳಿದೆ, ಮುಂದೆ ಓದಬೇಕಲ್ಲ ಅಂತ ಅವರು ಒತ್ತಿದ್ದಾರೆ. ಅಲ್ಲಿಂದ ಆ ಸೈಟ್ ತನಗೆ ಬೇಕಾದ ಜಾಹೀರಾತನ್ನು ನೇರವಾಗಿ ಫೋನಿಗೆ ಕಳಿಸುತ್ತಿತ್ತು.

ಇದನ್ನು ಸರಿ ಮಾಡಲು ಯಾವ ಆಪೂ ಬೇಡ. ಆ ನೋಟಿಫಿಕೇಶನ್ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟು ಹಿಡಿಯಿರಿ. ಯಾವ ಸೈಟಿನದು ಅಂತ ಹೆಸರು ಕಾಣುತ್ತದೆ, ಅಲ್ಲೇ ಆಫ್ ಮಾಡಬಹುದು. ಆಮೇಲೆ ಕ್ರೋಮ್ ತೆರೆದು ಮೇಲಿನ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ. ಅನುಮತಿ ಕೊಟ್ಟ ಸೈಟುಗಳ ಪಟ್ಟಿ ಸಿಗುತ್ತದೆ. ಒಂದೊಂದಾಗಿ ತೆಗೆದು, ಮೇಲಿನ ಸ್ವಿಚ್ಚನ್ನೂ ಆಫ್ ಮಾಡಿಬಿಡಿ. ಇನ್ನು ಮುಂದೆ ಯಾವ ಸೈಟೂ ಕೇಳುವುದೇ ಇಲ್ಲ. ವಯಸ್ಸಾದವರ ಫೋನಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ ಅನ್ನುತ್ತೇನೆ ನಾನು.

ಲಾಕ್ ಆದ ಪರದೆ ಮೇಲೂ ಸುದ್ದಿ, ಗೇಮ್, ಫೋಟೋ ಬದಲಾಗುತ್ತಾ ಇದ್ದರೆ ಅದು ಬಹುಶಃ ಗ್ಲಾನ್ಸ್. ನಮ್ಮಲ್ಲಿ ಮಾರುವ ಬಹಳಷ್ಟು ಫೋನುಗಳಲ್ಲಿ ಮೊದಲೇ ಬಂದಿರುತ್ತದೆ. ಸೆಟ್ಟಿಂಗ್ಸ್ ಮೇಲಿರುವ ಹುಡುಕುವ ಜಾಗದಲ್ಲಿ ಆ ಹೆಸರು ಹಾಕಿ, ಸಿಕ್ಕಿದ ಕಡೆ ಆಫ್ ಮಾಡಿ.

ಪ್ರೈವೇಟ್ ಡಿಎನ್ಎಸ್: ಮೊದಲ ಆಯ್ಕೆ ಇದೇ

ನಾವು ಯಾವುದೇ ಸೈಟ್ ತೆರೆದಾಗ ಫೋನ್ ಮೊದಲು ಒಂದು ಸರ್ವರ್ ಹತ್ತಿರ ಆ ಹೆಸರಿನ ಅಂಕೆ ವಿಳಾಸ ಕೇಳುತ್ತದೆ. ಆ ವ್ಯವಸ್ಥೆಯೇ ಡಿಎನ್ಎಸ್. ಜಾಹೀರಾತು ಕಂಪನಿಗಳ ಹೆಸರು ಕೇಳಿದಾಗ ವಿಳಾಸ ಕೊಡದ ಡಿಎನ್ಎಸ್‌ಗೆ ಫೋನನ್ನು ತಿರುಗಿಸಿದರೆ ಅರ್ಧಕ್ಕರ್ಧ ಕಿರಿಕಿರಿ ಅಲ್ಲೇ ನಿಲ್ಲುತ್ತದೆ. ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ಇದಕ್ಕೆ ಜಾಗ ಇದೆ. ಹೊಸ ಆಪ್ ಬೇಡ, ದುಡ್ಡೂ ಬೇಡ. ವೈ-ಫೈ ಇರಲಿ, ಮೊಬೈಲ್ ಡೇಟಾ ಇರಲಿ, ಎರಡಕ್ಕೂ ನಡೆಯುತ್ತದೆ. ನಮ್ಮ ಊರಿಗೆ ಇದು ಹೊಂದುವುದು ಇದೇ ಕಾರಣಕ್ಕೆ.

ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಮತ್ತು ಇಂಟರ್ನೆಟ್ ಒಳಗೆ ಪ್ರೈವೇಟ್ ಡಿಎನ್ಎಸ್ ಇರುತ್ತದೆ. ಸ್ಯಾಮ್‌ಸಂಗ್ ಆದರೆ ಕನೆಕ್ಷನ್ಸ್, ಅದರೊಳಗೆ ಮೋರ್ ಕನೆಕ್ಷನ್ ಸೆಟ್ಟಿಂಗ್ಸ್. ಹೋಸ್ಟ್ ಹೆಸರು ಹಾಕುವ ಆಯ್ಕೆ ಒತ್ತಿ ವಿಳಾಸ ಟೈಪ್ ಮಾಡಬೇಕು, ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ.

ದೊಡ್ಡವರ ಫೋನಿಗೆ: ಡಿಎನ್ಎಸ್ ಡಾಟ್ ಆಡ್‌ಗಾರ್ಡ್ ಹೈಫನ್ ಡಿಎನ್ಎಸ್ ಡಾಟ್ ಕಾಮ್ (dns.adguard-dns.com). ಆಡ್‌ಗಾರ್ಡ್ ಅನ್ನುವ ಕಂಪನಿಯ ಈ ಡಿಎನ್ಎಸ್ ಜಾಹೀರಾತನ್ನೂ, ನಮ್ಮ ಬೆನ್ನು ಹತ್ತುವ ಟ್ರ್ಯಾಕರ್‌ಗಳನ್ನೂ ತಡೆಯುತ್ತದೆ.

ಮಕ್ಕಳ ಫೋನಿಗೆ: ಮೊದಲಿನ ಡಿಎನ್ಎಸ್ ಅನ್ನುವ ಪದದ ಜಾಗದಲ್ಲಿ ಫ್ಯಾಮಿಲಿ ಅಂತ ಹಾಕಿ, ಉಳಿದದ್ದು ಹಾಗೇ (family.adguard-dns.com). ಜಾಹೀರಾತಿನ ಜೊತೆ ಅಶ್ಲೀಲ ಸೈಟುಗಳೂ ನಿಲ್ಲುತ್ತವೆ, ಗೂಗಲ್ ಹುಡುಕಾಟ ಅಶ್ಲೀಲ ಫಲಿತಾಂಶ ಬಚ್ಚಿಡುವ ಸೇಫ್ ಸರ್ಚ್‌ಗೆ ಬೀಳುತ್ತದೆ.

ಇಲ್ಲಿ ಬಹಳ ಜನ ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಕ್ಲೌಡ್‌ಫ್ಲೇರ್‌ನವರ 1.1.1.3 ಅನ್ನುವ ಡಿಎನ್ಎಸ್ ಕೂಡ ಮನೆಮಂದಿಗೆ ಅಂತಲೇ 2020ರಲ್ಲಿ ಬಂತು, ಒಳ್ಳೆಯದೇ. ಆದರೆ ಅದು ತಡೆಯುವುದು ಫೋನಿಗೆ ಹಾನಿ ಮಾಡುವ ಮಾಲ್‌ವೇರ್ ಮತ್ತು ಅಶ್ಲೀಲ ಸೈಟುಗಳನ್ನು. ಜಾಹೀರಾತನ್ನಲ್ಲ. ಅದನ್ನು ಹಾಕಿಕೊಂಡು ಜಾಹೀರಾತು ಇನ್ನೂ ಬರುತ್ತಿದೆಯಲ್ಲ ಅಂತ ಬೇಸರ ಮಾಡಬೇಡಿ.

ಮಳೆಗಾಲಕ್ಕೆ ಒಂದು ಎಚ್ಚರಿಕೆ. ಹೀಗೆ ಹೆಸರು ಹಾಕಿದ ಮೇಲೆ ಆ ಸರ್ವರ್ ಸಿಗದಿದ್ದರೆ ಫೋನ್ ತಾನಾಗಿ ಬೇರೆ ದಾರಿ ಹುಡುಕುವುದಿಲ್ಲ. ಸಿಗ್ನಲ್ ತೀರಾ ಕಡಿಮೆ ಇದ್ದಾಗಲೋ, ಕೆಲವು ಲಾಡ್ಜು, ಆಸ್ಪತ್ರೆಗಳ ವೈ-ಫೈಗೆ ಸೇರಿದಾಗಲೋ ಪ್ರೈವೇಟ್ ಡಿಎನ್ಎಸ್ ಸಿಗುತ್ತಿಲ್ಲ ಅಂತ ತೋರಿಸಿ ಇಂಟರ್ನೆಟ್ಟೇ ನಿಂತುಬಿಡುತ್ತದೆ. ಆಗ ಅದೇ ಜಾಗಕ್ಕೆ ಹೋಗಿ "ಆಟೋಮ್ಯಾಟಿಕ್" ಒತ್ತಿದರೆ ಸಾಕು. ಮನೆಯ ಪ್ರತಿಯೊಬ್ಬ ದೊಡ್ಡವರಿಗೂ ಇದನ್ನು ಕೈಯಲ್ಲಿ ಮಾಡಿಸಿ ಕಲಿಸಿ. ರಾತ್ರಿ ಯಾರಿಗೋ ಹುಷಾರಿಲ್ಲ, ಮಡಿಕೇರಿಗೆ ಹೋಗಲು ಜೀಪು ಕರೆಸಬೇಕು ಅನ್ನುವ ಹೊತ್ತಿನಲ್ಲಿ ವಾಟ್ಸಾಪ್ ನಡೆಯಲಿಲ್ಲ ಅಂದರೆ ಆ ತಡೆ ನಮಗೇ ತೊಂದರೆ.

ಇನ್ನೊಂದು ಮಾತು. ಯೂಟ್ಯೂಬ್ ಜಾಹೀರಾತು ಡಿಎನ್ಎಸ್‌ನಿಂದ ಹೋಗುವುದಿಲ್ಲ. ವಿಡಿಯೋ ಬರುವ ಕಡೆಯಿಂದಲೇ ಜಾಹೀರಾತೂ ಬರುತ್ತದೆ, ಒಂದನ್ನು ತಡೆದರೆ ಎರಡೂ ನಿಲ್ಲುತ್ತವೆ. ಯಾರಾದರೂ ಇದಕ್ಕೆ ಬೇರೆ ಯೂಟ್ಯೂಬ್ ಆಪ್ ಇದೆ, ಫೈಲ್ ಕಳಿಸುತ್ತೇನೆ ಅಂದರೆ ಬೇಡ ಅನ್ನಿ. ಅದರೊಳಗೆ ಏನಿದೆ ಅಂತ ಕಳಿಸಿದವರಿಗೂ ಗೊತ್ತಿರುವುದಿಲ್ಲ.

ವೆಬ್‌ಸೈಟ್ ಜಾಸ್ತಿ ಓದುವವರು ಫೋನಿನಲ್ಲಿ ಫೈರ್‌ಫಾಕ್ಸ್ ಹಾಕಿಕೊಂಡು ಅದರಲ್ಲಿ ಯುಬ್ಲಾಕ್ ಒರಿಜಿನ್ ಅನ್ನುವ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಸೇರಿಸಿಕೊಳ್ಳಿ. ಖಾಲಿ ಉಳಿಯುವ ಜಾಹೀರಾತಿನ ಚೌಕಗಳೂ ಮಾಯ. ಫೋನಿನ ಕ್ರೋಮ್‌ನಲ್ಲಿ ಇದಕ್ಕೆ ಅವಕಾಶ ಇಲ್ಲ. ಕಂಪ್ಯೂಟರಿನ ಕ್ರೋಮ್‌ಗಾದರೆ ಈಗ ಇರುವುದು ಯುಬ್ಲಾಕ್ ಒರಿಜಿನ್ ಲೈಟ್. ಯಾವುದಾದರೂ ಸೈಟ್ ಸರಿಯಾಗಿ ತೆರೆಯದಿದ್ದರೆ ಆ ಸೈಟಿಗೆ ಮಾತ್ರ ಆಫ್ ಮಾಡಬಹುದು.

ಮಗನ ಫೋನು, ಮಗಳ ಫೋನು

ಆಂಡ್ರಾಯ್ಡ್ ಆದರೆ ಗೂಗಲ್ ಫ್ಯಾಮಿಲಿ ಲಿಂಕ್ ಸಾಕು. ಐಫೋನ್ ಇದ್ದವರಿಗೆ ಅದರಲ್ಲೇ ಸ್ಕ್ರೀನ್ ಟೈಮ್ ಇದೆ. ಎರಡೂ ಉಚಿತ. ದುಡ್ಡು ಕೊಟ್ಟು ಬೇರೆ ಕೊಳ್ಳುವ ಮೊದಲು ಇವನ್ನು ಪೂರ್ತಿ ಬಳಸಿ ನೋಡಿ.

ಫ್ಯಾಮಿಲಿ ಲಿಂಕ್‌ನಲ್ಲಿ ಮಗುವಿಗೆ ಬೇರೆ ಗೂಗಲ್ ಅಕೌಂಟ್ ಮಾಡಿ ನಿಮ್ಮದಕ್ಕೆ ಜೋಡಿಸುತ್ತೀರಿ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಫೋನ್ ಲಾಕ್ ಆಗಬೇಕು, ಯಾವ ಆಪಿಗೆ ಎಷ್ಟು ನಿಮಿಷ, ಎಲ್ಲ ನಿಮ್ಮ ಫೋನಿನಿಂದಲೇ ಇಡಬಹುದು. ಹೊಸ ಆಪ್ ಬೇಕಾದರೆ ನಿಮಗೆ ಕೋರಿಕೆ ಬರುತ್ತದೆ. ಇದರ ವೆಬ್ ಸೋಸುವಿಕೆ ನಡೆಯುವುದು ಕ್ರೋಮ್‌ನಲ್ಲಿ ಮಾತ್ರ. ಆದ್ದರಿಂದ ಮಗು ಬೇರೆ ಬ್ರೌಸರ್ ಕೇಳಿದರೆ ಒಪ್ಪಿಗೆ ಕೊಡಬೇಡಿ.

ಕಾಫಿ ಕುಯ್ಯುವ ಕಾಲದಲ್ಲಿ ದೊಡ್ಡವರೆಲ್ಲ ತೋಟದಲ್ಲಿ ಇರುತ್ತೇವೆ, ಇಳಿಜಾರಿನ ಕೆಳಗೆ ಹೋದರೆ ಸಿಗ್ನಲ್ಲೇ ಇಲ್ಲ. ಅತ್ತ ಮನೆಯಲ್ಲಿ ನೆಟ್ ಹೋಗಿ ಮಗುವಿನ ಫೋನ್ ಲಾಕ್ ಆಗಿದ್ದರೆ ಏನು ಮಾಡುವುದು? ಫ್ಯಾಮಿಲಿ ಲಿಂಕ್‌ನಲ್ಲಿ ಪೇರೆಂಟ್ ಆಕ್ಸೆಸ್ ಕೋಡ್ ಅಂತ ಒಂದು ಇದೆ. ನಿಮ್ಮ ಆಪ್ ತೋರಿಸುವ ಅಂಕೆಯನ್ನು ಮಗುವಿನ ಫೋನಿನಲ್ಲಿ ಒತ್ತಿದರೆ ಅದಕ್ಕೆ ಇಂಟರ್ನೆಟ್ ಇಲ್ಲದಿದ್ದರೂ ಲಾಕ್ ಬಿಡುತ್ತದೆ. ಡಿಸೆಂಬರ್‌ಗೆ ಮುಂಚೆ ಒಮ್ಮೆ ಪ್ರಯತ್ನಿಸಿ ನೋಡಿಟ್ಟುಕೊಳ್ಳಿ. ಮಗನಿಗೆ ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಕೊಟ್ಟಿದ್ದೇನೆ, ಹುಡುಕುವ ಸೌಲಭ್ಯ ಆಫ್. ನಾವೇ ಒಪ್ಪಿದ ಚಾನೆಲ್ ಮಾತ್ರ ಕಾಣುವ ಹಾಗೂ ಇಡಬಹುದು.

ಮಗಳ ವಿಷಯ ಬೇರೆ. ಹತ್ತನೇ ಕ್ಲಾಸಿನ ಹುಡುಗಿಗೆ ಗೊತ್ತಿಲ್ಲದ ಹಾಗೆ ಫೋನಿನಲ್ಲಿ ಏನನ್ನಾದರೂ ಬಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ಮೆಸೇಜ್ ಓದುವ, ಕಾಲ್ ಕೇಳಿಸಿಕೊಳ್ಳುವ ಆಪುಗಳು ಮಕ್ಕಳ ಸುರಕ್ಷತೆ ಅನ್ನುವ ಹೆಸರಿನಲ್ಲಿ ಸಿಗುತ್ತವೆ. ಆ ಮೆಸೇಜ್, ಫೋಟೋ ಎಲ್ಲ ಹೋಗಿ ಸೇರುವುದು ಯಾರೋ ಗೊತ್ತಿಲ್ಲದವರ ಸರ್ವರಿಗೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರನ್ನೆಲ್ಲ ಮಕ್ಕಳು ಅಂತಲೇ ಎಣಿಸಿ, ಅವರನ್ನು ಗುರಿಯಾಗಿಸಿದ ಜಾಹೀರಾತು ಬೇಡ ಅನ್ನುತ್ತದೆ. ಹಾಗಿರುವಾಗ ನಾವೇ ಅವರ ಬದುಕನ್ನು ಹೊರಗಿನವರ ಕೈಗೆ ಕೊಡುವುದು ಸರಿಯಾ? ಅವಳ ಫೋನಿಗೆ ಫ್ಯಾಮಿಲಿ ಡಿಎನ್ಎಸ್ ಹಾಕುವಾಗ ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಅದನ್ನು ತೆಗೆಯುವುದು ಹೇಗೆ ಅಂತಲೂ ಅವಳಿಗೆ ಗೊತ್ತು. ಓದಿಗೆ ಬೇಕಾದ ಸೈಟ್ ತೆರೆಯದಿದ್ದರೆ ಬಂದು ಹೇಳುತ್ತಾಳೆ, ಇಬ್ಬರೂ ಸೇರಿ ನೋಡುತ್ತೇವೆ.

ಮಗುವಿಗೆ ಸ್ವಂತ ಫೋನ್ ಇಲ್ಲದ ಮನೆಗಳೇ ಜಾಸ್ತಿ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಒಂದೇ ಫೋನ್ ಅಪ್ಪ, ಅಮ್ಮ, ಮಕ್ಕಳ ಕೈಯಲ್ಲಿ ಓಡಾಡುತ್ತದೆ, ಅದರಲ್ಲೇ ಸಂಬಳದ ದುಡ್ಡು, ಯುಪಿಐ. ಅವರಿಗೆ ಆಪ್ ಪಿನ್ನಿಂಗ್ ತೋರಿಸಿಕೊಡಿ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ಅದನ್ನು ಆನ್ ಮಾಡಿ, ಬಿಡಿಸುವಾಗ ಪಿನ್ ಕೇಳುವ ಹಾಗೆ ಇಡಿ. ಆಮೇಲೆ ಒಂದು ಆಪನ್ನು ಪಿನ್ ಮಾಡಿ ಕೊಟ್ಟರೆ ಮಗು ಅದರಿಂದ ಹೊರಗೆ ಹೋಗಲಾರದು. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೂ ಮಾಡಿ.

ಟಿವಿ, ರೌಟರ್, ಅತಿಥಿಗಳು

ಟಿವಿ ಸಾಮಾನ್ಯವಾಗಿ ವೈ-ಫೈನಲ್ಲೇ ಇರುವುದರಿಂದ ಅದಕ್ಕೆ ರೌಟರ್ ಸರಿ. ಬ್ರೌಸರಿನಲ್ಲಿ 192.168.1.1 ಹಾಕಿದರೆ ಎಷ್ಟೋ ರೌಟರ್‌ಗಳ ಪುಟ ತೆರೆಯುತ್ತದೆ. ವಿಳಾಸ, ಪಾಸ್‌ವರ್ಡ್ ಎರಡೂ ಹಿಂಬದಿಯ ಸ್ಟಿಕ್ಕರ್‌ನಲ್ಲಿ ಇರುತ್ತವೆ. ಡಿಎನ್ಎಸ್ ಜಾಗದಲ್ಲಿ 94.140.14.15 ಮತ್ತು 94.140.15.16 ಹಾಕಿ, ಇದು ಆಡ್‌ಗಾರ್ಡ್‌ನ ಫ್ಯಾಮಿಲಿ ವಿಳಾಸ. ಪಾಸ್‌ವರ್ಡ್ ಅದೇ ಹೊತ್ತಿಗೆ ಬದಲಿಸಿ, ಸ್ಟಿಕ್ಕರ್ ಮಕ್ಕಳಿಗೂ ಓದಲು ಬರುತ್ತದೆ ಅಲ್ವಾ. ಕೆಲವು ಕಂಪನಿಗಳು ಕೊಡುವ ರೌಟರ್‌ನಲ್ಲಿ ಡಿಎನ್ಎಸ್ ಬದಲಿಸಲು ಬಿಡುವುದಿಲ್ಲ. ಹಾಗಿದ್ದರೆ ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲೇ ಹಾಕಲು ಆಗುತ್ತದಾ ನೋಡಿ.

ಹೋಂಸ್ಟೇ ಇರುವವರು ರೌಟರ್‌ನ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ಅತಿಥಿಗಳಿಗೆ ಅದರ ಪಾಸ್‌ವರ್ಡ್ ಮಾತ್ರ ಕೊಡಿ. ಮನೆಯ ಟಿವಿ, ಕ್ಯಾಮೆರಾ ಅವರ ಫೋನಿಗೆ ಕಾಣಬಾರದು.

ಪೈ-ಹೋಲ್ ಬಗ್ಗೆ ಕೇಳುವವರಿದ್ದಾರೆ. ಸಣ್ಣ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ನಡೆಯುವ, ಇಡೀ ಮನೆಗೆ ಜಾಹೀರಾತು ತಡೆಯುವ ಒಳ್ಳೆಯ ಉಚಿತ ಸಾಫ್ಟ್‌ವೇರ್ ಅದು. ಆದರೆ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಕಡೆ ಅದರ ಮೆಮೊರಿ ಕಾರ್ಡ್ ಹಾಳಾಗುವ ಸಾಧ್ಯತೆ ಜಾಸ್ತಿ, ಅದು ಏಳದಿದ್ದರೆ ಮನೆಯಲ್ಲಿ ಯಾವ ಸೈಟೂ ತೆರೆಯುವುದಿಲ್ಲ. ರಿಪೇರಿ ಗೊತ್ತಿರುವವರು ಮನೆಯಲ್ಲೇ ಇದ್ದರೆ, ಯುಪಿಎಸ್ ಇದ್ದರೆ ಮಾತ್ರ ಹಾಕಿ.

ಹಾಕಬಾರದ್ದು

ಜಾಹೀರಾತು ತಡೆಯುತ್ತೇನೆ ಅನ್ನುವ ಆಪ್ ಆಕ್ಸೆಸಿಬಿಲಿಟಿ ಅನುಮತಿ ಅಥವಾ ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ ಅಲ್ಲೇ ನಿಲ್ಲಿಸಿ. ಪರದೆ ಮೇಲಿನದ್ದೆಲ್ಲ ಅದಕ್ಕೆ ಕಾಣುತ್ತದೆ, ಒಟಿಪಿಯೂ ಸೇರಿ. ಹೆಸರು ಕೇಳಿರದ ಉಚಿತ ವಿಪಿಎನ್ (ನಮ್ಮ ಇಂಟರ್ನೆಟ್ಟನ್ನೆಲ್ಲ ತನ್ನ ಸರ್ವರ್ ಮೂಲಕ ಹಾಯಿಸುವ ಆಪ್) ಬೇಡ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ (ಆಪ್ ಇನ್‌ಸ್ಟಾಲ್ ಮಾಡುವ ಫೈಲ್), ಅದು ಮದುವೆ ಕರೆಯೋಲೆ ಅಂದರೂ, ಗಾಡಿಯ ದಂಡದ ಚಲನ್ ಅಂದರೂ, ತೆರೆಯಲೇಬೇಡಿ. ಡಿಎನ್ಎಸ್ ನಡೆಸುವವರಿಗೂ ನಾವು ತೆರೆಯುವ ಸೈಟುಗಳ ಹೆಸರು ಕಾಣುತ್ತದೆ ಅನ್ನುವುದು ನೆನಪಿರಲಿ, ಅದಕ್ಕೇ ಯಾರೋ ಕಳಿಸಿದ ವಿಳಾಸ ಸುಮ್ನೆ ಹಾಕಿಕೊಳ್ಳಬಾರದು.

ಇಷ್ಟೆಲ್ಲ ಮಾಡಿಯೂ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ನಂಬರನ್ನು ಮಾವನ ಫೋನಿನಲ್ಲಿ ಸೇವ್ ಮಾಡಿದ್ದಲ್ಲದೆ, "ಆಟೋಮ್ಯಾಟಿಕ್" ಒತ್ತುವ ದಾರಿಯ ಜೊತೆ ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿದ್ದೇನೆ. ಹೊಸ ಫೋನ್ ತಂದಾಗ, ಅಥವಾ ಅಂಗಡಿಯವರು ಫೋನ್ ರೀಸೆಟ್ ಮಾಡಿಕೊಟ್ಟಾಗ, ಡಿಎನ್ಎಸ್ ಮತ್ತು ನೋಟಿಫಿಕೇಶನ್ ಎರಡನ್ನೂ ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ.