ಮೋರಿ ಗ್ಯಾಸೋ, ಪೈಪ್ ಗ್ಯಾಸೋ: ಅಗೆಯುವ ಮುಂಚೆ ಪತ್ತೆ ಹಚ್ಚಿದ ಬಗೆ

ನೆಲದಡಿಯ ಗ್ಯಾಸ್ ಪೈಪಿನ ಸೋರಿಕೆ ಹಿಡಿಯಲು ಬೆಂಗಳೂರಿನಲ್ಲಿ ಮೀಥೇನ್ ಹುಡುಕೋದು ದಂಡ, ಯಾವ ಮ್ಯಾನ್‌ಹೋಲ್ ಎತ್ತಿದರೂ ಸಿಗುತ್ತೆ ಅಂತ ನಮ್ಮ ಕಸುಬಿನವರೇ ನಕ್ಕಿದ್ದರು. ಈಗ ಅವರೇ ಸ್ಯಾಂಪಲ್ ಬ್ಯಾಗ್ ಕೇಳಿಕೊಂಡು ಬರ್ತಾರೆ.

ಮೊದಲು ಕೈಕೊಟ್ಟದ್ದು ಮೀಟರ್. ಎಲ್‌ಇಎಲ್ (ಗ್ಯಾಸ್ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣ) ಲೆಕ್ಕದಲ್ಲಿ ತೋರಿಸುವ ಕ್ಯಾಟಲಿಟಿಕ್ ಸೆನ್ಸರ್ ಗ್ಯಾಸನ್ನು ಸುಟ್ಟು ಅಳೆಯುತ್ತೆ, ಅದಕ್ಕೆ ಆಮ್ಲಜನಕ ಬೇಕು. ನೆಲಕ್ಕೆ ಕೊರೆದ ತೂತಿನ ತುಂಬ ಗ್ಯಾಸೇ ಇದ್ದರೆ ರೀಡಿಂಗ್ ಸರ್ರನೆ ಏರಿ ಕೆಳಗೆ ಬೀಳುತ್ತೆ, ನೋಡಿದವರು 'ಕ್ಲಿಯರ್' ಅಂತ ಬರೆದು ಮುಚ್ಚುತ್ತಾರೆ. ವಾಲ್ಯೂಮ್ ಶೇಕಡಾ ತೋರಿಸುವ ಇನ್‌ಫ್ರಾರೆಡ್ ಮೀಟರ್‌ಗೆ ಲಕ್ಷದ ಮೇಲೆ ಹೋಯಿತು. ಮೂಗನ್ನೂ ನಂಬಬೇಡಿ: ಸೋರಿಕೆ ಗೊತ್ತಾಗಲೆಂದು ಪೈಪ್ ಗ್ಯಾಸಿಗೆ ಬೆರೆಸುವ ಮರ್ಕ್ಯಾಪ್ಟನ್ ವಾಸನೆಯನ್ನು ಮಣ್ಣು ಹೀರಿಕೊಳ್ಳುತ್ತೆ, ಗ್ಯಾಸ್ ಮಾತ್ರ ದಾಟಿ ಬರುತ್ತೆ.

ಮೊದಲು ಅಕ್ಕಪಕ್ಕದ ಬೇಸ್‌ಮೆಂಟ್‌ಗಳನ್ನು ನೋಡಿ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಸೇರಿದ್ದರೆ ಒಂದು ಕಿಡಿ ಸಾಕು. ಆಮೇಲೆ ನೆಲದಡಿಯ ಕೇಬಲ್ ಎಲ್ಲಿದೆ ಅಂತ ತೋರಿಸುವ ಕೇಬಲ್ ಲೊಕೇಟರ್ ಓಡಿಸಿ, ಗ್ಯಾಸ್ ಲೈನಿನ ಎರಡೂ ಬದಿ ಮೂರಡಿಗೊಂದು ತೂತು, ಎಲ್ಲವೂ ಸುಮಾರು ಎರಡಡಿ ಆಳ. ಮೊದಲ ರೀಡಿಂಗ್ ಲೆಕ್ಕಕ್ಕಿಲ್ಲ. ತೂತಿನ ಗ್ಯಾಸ್ ಎಳೆದು ಖಾಲಿ ಮಾಡಿ, ಕಾಲು ಗಂಟೆ ಕಾದು ಮತ್ತೆ ನೋಡಿ. ಸೋರಿಕೆಗೆ ಹತ್ತಿರದ್ದು ಬೇಗ ತುಂಬಿಕೊಳ್ಳುತ್ತೆ. ಪ್ರೋಬ್ ತುದಿಗೆ ಮಣ್ಣು ಕಟ್ಟದಂತೆ ಏನು ಸುತ್ತುತ್ತೇವೆ ಅನ್ನೋದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ವೈಟ್‌ಟಾಪಿಂಗ್ ಆದ, ಅಂದರೆ ಮೇಲೆ ಕಾಂಕ್ರೀಟ್ ಹಾಕಿದ ರಸ್ತೆಯಲ್ಲಿ ಇದೂ ಸೋತಿತು. ಕಾಂಕ್ರೀಟ್ ದಾಟಲಾಗದ ಗ್ಯಾಸ್ ಓಎಫ್‌ಸಿ ಡಕ್ಟ್ (ಆಪ್ಟಿಕಲ್ ಫೈಬರ್ ಕೇಬಲ್ ಹಾಯಿಸುವ ಕೊಳವೆ) ಹಿಡಿದು ಎಲ್ಲೋ ಏಳುತ್ತೆ. ಎರಡು ಸಲ ಅಗೆದೆವು, ಎರಡು ಸಲವೂ ಪೈಪ್ ಗಟ್ಟಿ. ಒಂದೊಂದಕ್ಕೂ ಎಪ್ಪತ್ತೆಂಬತ್ತು ಸಾವಿರ ಮಣ್ಣುಪಾಲು.

ಕೊನೆಗೆ ತೀರ್ಪು ಕೊಟ್ಟದ್ದು ಈಥೇನ್ ಅನ್ನೋ ಇನ್ನೊಂದು ಗ್ಯಾಸ್. ಪೈಪ್ ಗ್ಯಾಸಿನಲ್ಲಿ ಅದಿರುತ್ತೆ, ಮೋರಿ ಗ್ಯಾಸಿನಲ್ಲಿ ಇರೋದಿಲ್ಲ. ಅತಿ ಹೆಚ್ಚು ರೀಡಿಂಗ್ ಬಂದ ತೂತಿನಿಂದ ಒಂದು ಬ್ಯಾಗ್, ಅದೇ ದಿನ ಅದೇ ಲೈನಿನ ರೈಸರ್‌ನಿಂದ (ನೆಲದಿಂದ ಮೇಲೆ ಬರುವ ಪೈಪಿನಿಂದ) ಇನ್ನೊಂದು. ಎರಡನ್ನೂ ಗ್ಯಾಸಿನಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಹಾಕಿಸಿ. ಎಲ್‌ಎನ್‌ಜಿ (ದ್ರವ ರೂಪದಲ್ಲಿ ತರಿಸುವ ನೈಸರ್ಗಿಕ ಅನಿಲ) ಎಲ್ಲಿಂದ ಬಂತು ಅನ್ನೋದರ ಮೇಲೆ ಈಥೇನ್ ಪ್ರಮಾಣ ಬದಲಾಗುತ್ತೆ, ಹಾಗಾಗಿ ಹಳೇ ರಿಪೋರ್ಟ್ ಜೊತೆ ಹೋಲಿಸಬೇಡಿ. ಜೋಡಿಗೆ ನಾಲ್ಕು ಸಾವಿರದ ಆಸುಪಾಸು ಖರ್ಚು.

ಸುಣ್ಣದ ತಿಳಿನೀರಿನಲ್ಲೂ ಪ್ರಯೋಗ ಮಾಡಿದ್ದಾಯಿತು: ಮೋರಿ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಬೆಳ್ಳಗಾದರೆ ಮೋರಿದೇ ಅಂತ. ಪುಕ್ಕಟೆ, ಆದರೆ ಕೆಲಸಕ್ಕೆ ಬಾರದು. ಮಣ್ಣಿನ ಬ್ಯಾಕ್ಟೀರಿಯಾ ಪೈಪಿನ ಮೀಥೇನನ್ನೂ ತಿಂದು ಅದನ್ನೇ ಬಿಡುತ್ತೆ.

ಸೋರಿಕೆ ಸಿಕ್ಕಿದ್ದು ಪಿಇ (ಪಾಲಿಎಥಿಲೀನ್ ಪ್ಲಾಸ್ಟಿಕ್) ಪೈಪು ಉಕ್ಕಿನ ರೈಸರ್‌ಗೆ ಸೇರುವ ಟ್ರಾನ್ಸಿಷನ್ ಫಿಟಿಂಗ್‌ನಲ್ಲಿ, ಹೊರಗಿನಿಂದ ತಿಂದ ತುಕ್ಕು. ಕ್ಯಾಲಿಫೋರ್ನಿಯಾದ ಆಲಿಸೋ ಕ್ಯಾನ್ಯನ್ ಭೂಗತ ಗ್ಯಾಸ್ ಸಂಗ್ರಹದಲ್ಲಿ 2015ರಲ್ಲಿ ಗ್ಯಾಸ್ ಬಾವಿಯ ಕೇಸಿಂಗ್ (ಹೊರಗಿನ ಉಕ್ಕಿನ ಕೊಳವೆ) ಒಡೆದದ್ದೂ ಹೊರಗಿನ ತುಕ್ಕಿನಿಂದಲೇ. ಮುಚ್ಚುವಷ್ಟರಲ್ಲಿ ಸುಮಾರು 1 ಲಕ್ಷ ಟನ್ ಮೀಥೇನ್ ಗಾಳಿಗೆ ಹೋಗಿತ್ತು. ನಮ್ಮದು ಅದರ ಮುಂದೆ ಸಾಸಿವೆ ಕಾಳು.

ರಿಪೇರಿಯಾದ ಮೇಲೂ ಮಣ್ಣಿನಲ್ಲಿ ಉಳಿದ ಗ್ಯಾಸ್ ಎರಡು ಮೂರು ದಿನ ರೀಡಿಂಗ್ ಕೊಡುತ್ತೆ. ದಿನಕ್ಕೆ ದಿನ ಇಳಿಯುತ್ತಿದ್ದರೆ ಮತ್ತೆ ಅಗೆಯಬೇಡಿ.