ಮೂರೂವರೆ ನಿಮಿಷ ಬಿಟ್ಟುಕೊಟ್ಟು ಗೆದ್ದ ದುರ್ಗದ ಓಟ

ತುಮಕೂರಿನಿಂದ ಹೊರಟು ನಾಮದ ಚಿಲುಮೆಯೆಂಬ ನೀರಿನ ಬುಗ್ಗೆಯ ತಾಣವನ್ನು ದಾಟಿ, ದೇವಸ್ಥಾನವಿರುವ ದೇವರಾಯನದುರ್ಗದ ಬೆಟ್ಟವನ್ನು ಹತ್ತಿ, ಮತ್ತೆ ಚಿಲುಮೆಯವರೆಗೆ ಇಳಿದು ಮುಗಿಯುವ ಸುಮಾರು 21 ಕಿಲೋಮೀಟರಿನ ಓಟದಲ್ಲಿ ನಾನು ಮೂರು ವರ್ಷ ಭಾಗವಹಿಸಿದ್ದೇನೆ. ಮೊದಲ ವರ್ಷ 2 ಗಂಟೆ 17 ನಿಮಿಷ, ಎರಡನೆಯ ವರ್ಷ 2 ಗಂಟೆ 19, ಈ ಸಲ 2 ಗಂಟೆ 8 ನಿಮಿಷ ಹಿಡಿಯಿತು. ಏರಿನಲ್ಲಿ ಬೇಕೆಂದೇ ನಡೆಯುತ್ತೇನೆ ಎಂದು ನಾನು ಮೊದಲೇ ಹೇಳಿದಾಗ ನಮ್ಮ ಬಳಗದ ಹಿರಿಯರೊಬ್ಬರು, "ದೇವರ ದರ್ಶನಕ್ಕೆ ಬಂದವರು ಪುಕ್ಕಟೆ ನಡೆಯುತ್ತಾರೆ, ನೀವು ಸಾವಿರದಿನ್ನೂರು ಕೊಟ್ಟು ನಡೆಯುತ್ತೀರಾ?" ಎಂದು ಎಲ್ಲರೆದುರು ನಗಾಡಿದ್ದರು. ಈ ಬರಹಕ್ಕೆ ಆ ನಗುವೂ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತೇನೆ.

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಅಮಾನಿಕೆರೆಯ ಸಮತಟ್ಟಾದ ಹಾದಿಯಲ್ಲಿ ಸಾಧಿಸಿದ ವೇಗವನ್ನೇ ನಂಬಿ ಚಿಲುಮೆಯವರೆಗಿನ 9 ಕಿಲೋಮೀಟರನ್ನು 47 ನಿಮಿಷದಲ್ಲಿ ಮುಗಿಸಿದೆ. ಏರು ಹೇಗೋ ಕಳೆಯಿತು, ಆದರೆ ಇಳಿಯುವಾಗ ಎರಡೂ ತೊಡೆಗಳು ಹಿಡಿದುಕೊಂಡು, ಜನ ಹಾರುತ್ತಾ ಇಳಿಯುವ ರಸ್ತೆಯಲ್ಲಿ ನಾನು ತಡೆಗಲ್ಲುಗಳನ್ನು ಹಿಡಿದು ನಿಂತೆ. ಎರಡನೆಯ ವರ್ಷ ದುಡ್ಡು ಸುರಿದೆ. 22,000 ರೂಪಾಯಿಯ ಜಿಪಿಎಸ್ ಗಡಿಯಾರ ಬಂತು, ತಿಂಗಳಿಗೆ 2,500ರಂತೆ ನಾಲ್ಕು ತಿಂಗಳು ಫೋನಿನಲ್ಲೇ ತರಬೇತಿ ಕೊಡುವವರೊಬ್ಬರು ಸಿಕ್ಕರು, ಅಟ್ಟೆಯೊಳಗೆ ಕಾರ್ಬನ್ ಹಲಗೆಯಿರುವ ಓಟದ ಬೂಟನ್ನು ಬೇರೆ ಕೊಂಡೆ. ತರಬೇತುದಾರರು ಕೊಟ್ಟ ಪಟ್ಟಿಯಲ್ಲಿ ಪ್ರತಿ ಕಿಲೋಮೀಟರಿಗೂ ಒಂದೊಂದು ವೇಗ ಬರೆದಿತ್ತು. ಅವರು ದುರ್ಗವನ್ನು ಕಂಡವರಲ್ಲ. ತಿರುವುಗಳಲ್ಲಿ ಗಡಿಯಾರ ತೋರಿಸುತ್ತಿದ್ದ ವೇಗ ಒಮ್ಮೆ ಕಿಲೋಮೀಟರಿಗೆ ಆರು ನಿಮಿಷವಾದರೆ ಮರುಕ್ಷಣ ಒಂಬತ್ತಾಗುತ್ತಿತ್ತು, ಅದರ ಹಿಂದೆ ಓಡಿ ನಾನು ಹಿಂದಿನ ವರ್ಷಕ್ಕಿಂತ ಎರಡು ನಿಮಿಷ ತಡವಾದೆ. ಆ ಗಡಿಯಾರವನ್ನು 9,000ಕ್ಕೆ ಮಾರಿದೆ. ಬೂಟು ಇನ್ನೂ ಮಂಚದ ಕೆಳಗಿದೆ.

ಈ ವರ್ಷ ವೇಗವನ್ನು ಬಿಟ್ಟು ಉಸಿರನ್ನು ಹಿಡಿದೆ. ಸಮತಟ್ಟಿನಲ್ಲಿ ಮೂರು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ. ಏರಿನಲ್ಲಿ ಎರಡಕ್ಕೆ ಒಳಗೆ, ಎರಡಕ್ಕೆ ಹೊರಗೆ. ಈ ತಾಳ ತಪ್ಪಿ ಒಂದೇ ಹೆಜ್ಜೆಗೆ ಉಸಿರು ಬಿಡುವಂತಾದರೆ, ಹಿಂದೆ ಯಾರಿದ್ದಾರೆಂದು ತಿರುಗಿಯೂ ನೋಡದೆ, ಕೈಗಳನ್ನು ತೊಡೆಯ ಮೇಲೆ ಒತ್ತಿಕೊಂಡು ಮೂವತ್ತು ಹೆಜ್ಜೆ ಬಿರುಸಾಗಿ ನಡೆಯುವುದು, ಮೂವತ್ತೊಂದನೆಯದಕ್ಕೆ ಓಡುವುದು. ತಿರುವಿನ ಒಳಮಗ್ಗುಲು ಹತ್ತಿರವಾದರೂ ಕಡಿದಾಗಿರುತ್ತದೆ. ಹೊರಮಗ್ಗುಲಿನಲ್ಲಿ ಹೋದರೆ ನಾಲ್ಕೈದು ಹೆಜ್ಜೆ ಹೆಚ್ಚಾದರೂ ತಾಳ ಕೆಡುವುದಿಲ್ಲ. ಎಲ್ಲೆಲ್ಲಿ ನಡೆಯಬೇಕೆಂಬುದನ್ನು ಓಟಕ್ಕೆ ಮೊದಲೇ ಗುರುತು ಮಾಡಿಕೊಂಡಿದ್ದೆ, ಆ ಜಾಗಗಳನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ನಿಜವಾದ ಕೆಲಸ ನಡೆದದ್ದು ಇಳಿಜಾರಿನ ಅಭ್ಯಾಸದಲ್ಲಿ. ಹತ್ತಿಪ್ಪತ್ತು ದಿನಕ್ಕೊಮ್ಮೆ ಬೆಳಗಿನ ಜಾವ ನನ್ನ ತಮ್ಮ ಗೊಣಗುತ್ತಲೇ ಸ್ಕೂಟರಿನಲ್ಲಿ ನನ್ನನ್ನು ಬೆಟ್ಟದ ಮೇಲೆ ಬಿಟ್ಟು ಬರುತ್ತಿದ್ದ. ಅಲ್ಲಿಂದ ಚಿಲುಮೆಯವರೆಗೆ ಇಳಿಯುವುದಷ್ಟೇ ಅಂದಿನ ಓಟ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗುವುದರಿಂದ ಪೆಟ್ಟು ಹೆಚ್ಚು, ಆದರೆ ಒಮ್ಮೆ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ಸುಲಭವಾಗಿ ನೋಯುವುದಿಲ್ಲ. ಮೊದಲ ಸಲ ಇಳಿದ ಮೇಲೆ ಮೂರು ದಿನ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ನಾಲ್ಕನೆಯ ಸಲದ ಹೊತ್ತಿಗೆ ಮರುದಿನವೇ ಕೆರೆಯ ಸುತ್ತ ಓಡುವಷ್ಟಾಯಿತು. ಹಿಮ್ಮಡಿ ಊರಿ ತಡೆಯುವ ಚಾಳಿ ಬಿಡಲು ಎರಡು ತಿಂಗಳು ಬೇಕಾದವು: ಹೆಜ್ಜೆ ಚಿಕ್ಕದಾಗಿ, ಬೇಗಬೇಗ, ಬೂಟಿನ ಸದ್ದು ಕೇಳಿಸದಂತೆ ಬೀಳಬೇಕು. ಡಾಂಬರಿನ ಮೇಲೆ ಪಟಪಟ ಸದ್ದಾಯಿತೆಂದರೆ ತೊಡೆ ದುಡಿಯುತ್ತಿದೆ ಎಂದೇ ಅರ್ಥ. ಬೂಟಿನ ದಾರವನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟದ ದಿನ ಬೆರಳುಗಳು ಮುಂದಕ್ಕೆ ನುಗ್ಗಿ, ಎಡಗಾಲ ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದೇ ಹೋಯಿತು.

ಇದರ ನಡುವೆ ಒಂದು ಅಡ್ಡಪ್ರಯೋಗವೂ ನಡೆಯಿತು. ಓಟದ ನಡುವೆ ಶಕ್ತಿಗೆಂದು ಒಂದೊಂದಕ್ಕೆ ನೂರಿಪ್ಪತ್ತು ರೂಪಾಯಿಯ ಸಿಹಿ ಜೆಲ್ ನುಂಗಿ ಬೇಸತ್ತು, ಹುಣಸೆ, ಬೆಲ್ಲ, ಉಪ್ಪು, ಜೀರಿಗೆ, ಮೆಣಸಿನಕಾಯಿ ಕುಟ್ಟಿ ಅಮ್ಮ ಮಾಡುತ್ತಿದ್ದ ಚಿಗಳಿಯನ್ನೇ ಜೇಬಿಗೆ ಹಾಕಿಕೊಂಡೆ. ಅರ್ಧ ಏರಿನಲ್ಲಿ ಎದೆಯುರಿ ಹತ್ತಿತು. ಮೆಣಸಿನಕಾಯಿ ಬಿಟ್ಟು, ಬೆಲ್ಲ ಹೆಚ್ಚಿಸಿ, ಗೋಲಿಯಷ್ಟು ಉಂಡೆ ಕಟ್ಟಿದ ಮೇಲೆ ಸರಿಹೋಯಿತು. ಹದಿನೈದು ಉಂಡೆಗೆ ಇಪ್ಪತ್ತು ರೂಪಾಯಿಯೂ ಖರ್ಚಿಲ್ಲ. ಬೆಲ್ಲ ಎಷ್ಟು, ಹುಣಸೆ ಎಷ್ಟು ಎಂಬುದು ಅಮ್ಮನ ಕೈಯಳತೆ, ಅದನ್ನು ನಾನು ಬಹಿರಂಗಪಡಿಸುವಂತಿಲ್ಲ.

ಓಟದ ದಿನ ಚಿಲುಮೆಯವರೆಗೆ ಕಿಲೋಮೀಟರಿಗೆ ಐದು ಮುಕ್ಕಾಲು ನಿಮಿಷಕ್ಕಿಂತ ಹೆಚ್ಚೇ ತೆಗೆದುಕೊಂಡು ಓಡಿ, ಹಿಂದಿನ ವರ್ಷಕ್ಕಿಂತ ಮೂರೂವರೆ ನಿಮಿಷ ತಡವಾಗಿ ತಲುಪಿದೆ. ಆ ಹಿರಿಯರು ಆಗಲೇ ಕಣ್ಣಿಗೆ ಕಾಣದಷ್ಟು ಮುಂದಿದ್ದರು. ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದ ಬೆಟ್ಟದ ಮೇಲಕ್ಕೆ ಆರು ಕಿಲೋಮೀಟರಿನ ಏರು 45 ನಿಮಿಷದಲ್ಲಿ ಮುಗಿಯಿತು, ಹಿಂದಿನ ವರ್ಷ ನಡೆಯದೆ ಓಡಿಯೇ 51 ಆಗಿತ್ತು. ಇಳಿಯಲು 39ರ ಬದಲು ಮೂವತ್ತು ಚಿಲ್ಲರೆ ನಿಮಿಷ. ಶೇಕಡಾ ಒಂದರಷ್ಟು ಏರಿಗೆ, ಅಂದರೆ ನೂರು ಮೀಟರಿಗೆ ಒಂದು ಮೀಟರ್ ಏರಿದರೆ, ಕಿಲೋಮೀಟರಿಗೆ ಒಂಬತ್ತು ಸೆಕೆಂಡ್ ಹೋಗುತ್ತದೆ, ಅಷ್ಟೇ ಇಳಿಜಾರಿಗೆ ಐದು ಸೆಕೆಂಡ್ ಮಾತ್ರ ಮರಳುತ್ತದೆ ಎಂಬ ಲೆಕ್ಕ ನಮ್ಮ ಓಟಗಾರರಲ್ಲಿ ಎಲ್ಲರ ಬಾಯಲ್ಲೂ ಇದೆ. ಸಮತಟ್ಟಿನ ವೇಗಕ್ಕೆ ಹೋಲಿಸಿದರೆ ಏರಿನಲ್ಲಿ ನಾನು ಆ ಲೆಕ್ಕಕ್ಕಿಂತ ಬಹಳ ಹೆಚ್ಚು ಕಳೆದುಕೊಂಡೆ, ಇಳಿಜಾರಿನಲ್ಲಿ ಅದು ಕೊಡುವುದಕ್ಕಿಂತ ಹೆಚ್ಚು ಪಡೆದೆ. ಹಿರಿಯರನ್ನು ದಾಟಿದ್ದು ಇಳಿಯುವ ಎರಡನೆಯ ಕಿಲೋಮೀಟರಿನಲ್ಲಿ. ಅವರು ತಡೆಗಲ್ಲಿನ ಮೇಲೆ ಕೂತು ತೊಡೆ ತಿಕ್ಕುತ್ತಿದ್ದರು. ಒಂದು ಚಿಗಳಿ ಉಂಡೆಯನ್ನು ಅವರ ಕೈಗಿಟ್ಟು ಮುಂದೆ ಹೋದೆ.